ಚೊಂಬು, ತಟ್ಟೆ, ಪೊರಕೆ: ಜೈಲಿನೊಳಗಿನ ದಿನಚರಿಯ ಇತಿಹಾಸ

ನಮ್ಮ ಭಾಷೆಯಲ್ಲಿ ಜೈಲಿಗೆ ಎಷ್ಟೊಂದು ಹೆಸರು ನೋಡಿ. "ಕಂಬಿ ಎಣಿಸ್ತಿದ್ದಾನೆ" ಅಂತೀವಿ. "ಮಾವನ ಮನೆಗೆ ಹೋಗಿದ್ದಾನೆ" ಅಂತೀವಿ. ಸ್ವಲ್ಪ ಭಕ್ತಿ ಜಾಸ್ತಿ ಇರೋರು "ಶ್ರೀಕೃಷ್ಣ ಜನ್ಮಸ್ಥಾನ" ಅಂತಾರೆ. ನಮ್ಮ ಹಳೇ ಮೈಸೂರು ಕಡೆ "ಮುದ್ದೆ ಮುರಿಯೋಕೆ ಹೋಗಿದ್ದಾನೆ" ಅನ್ನೋದೂ ಉಂಟು. ಇವುಗಳಲ್ಲಿ ನನಗೆ ಇಷ್ಟವಾಗೋದು ಈ ಕೊನೆಯದು. ಜೈಲು ಅಂದರೆ ಮೊದಲು ನೆನಪಾಗಬೇಕಾದದ್ದು ಊಟ ಅನ್ನೋದು ಆ ಮಾತು ಕಟ್ಟಿದವನಿಗೆ ಗೊತ್ತಿತ್ತು.

ಸಿನಿಮಾಗಳಲ್ಲಿ ನೋಡಿ. ನಾಯಕ ಜೈಲಿಗೆ ಹೋಗ್ತಾನೆ, ಎರಡು ನಿಮಿಷ ಕಲ್ಲು ಒಡೀತಾನೆ, ಮುಂದಿನ ದೃಶ್ಯದಲ್ಲಿ ಗಡ್ಡ ಬಿಟ್ಟುಕೊಂಡು ಗೇಟಿನಿಂದ ಹೊರಗೆ ಬರ್ತಾನೆ. ಪತ್ರಿಕೆಗಳಲ್ಲೂ ಅಷ್ಟೆ. ಒಳಗೆ ಹೋದದ್ದು ಸುದ್ದಿ, ಹೊರಗೆ ಬಂದದ್ದು ಸುದ್ದಿ. ನಡುವಿನ ದಿನಗಳು ಏನಾದವು? ಬೆಳಿಗ್ಗೆ ಎದ್ದರೆ ನೀರು ಯಾವುದರಲ್ಲಿ ಕುಡೀಬೇಕು? ಅಡುಗೆ ಯಾರು ಮಾಡ್ತಾರೆ? ಕಕ್ಕಸು ಯಾರು ತೊಳೀತಾರೆ?

ಇವೆಲ್ಲ ಏನು ಪ್ರಶ್ನೆ ಅನ್ನಿಸಬಹುದು. ಆದರೆ ಕೆಲವು ತಿಂಗಳಿಂದ ನಮ್ಮ ದೇಶದ ಜೈಲುಗಳ ಇತಿಹಾಸ ಓದುತ್ತಾ ಹೋದಂತೆ ನನಗೆ ಅಚ್ಚರಿ ತಂದ ಸಂಗತಿ ಇದೇ. ಸುಮಾರು ಇನ್ನೂರು ವರ್ಷಗಳಿಂದ ನಮ್ಮ ಜೈಲುಗಳೊಳಗೆ ನಡೆದ ದೊಡ್ಡ ದೊಡ್ಡ ಜಗಳಗಳು ಬಹುಪಾಲು ಈ ಮೂರು ಪ್ರಶ್ನೆಗಳ ಸುತ್ತಲೇ ಇವೆ. ಇವುಗಳಿಗಾಗಿ ಜನ ಗಲಭೆ ಎಬ್ಬಿಸಿದ್ದಾರೆ, ಉಪವಾಸ ಬಿದ್ದಿದ್ದಾರೆ, ಸತ್ತಿದ್ದಾರೆ. ಕೊನೆಯ ಪ್ರಶ್ನೆಗಂತೂ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದ್ದು 2024ರಲ್ಲಿ!

ಸ್ವಲ್ಪ ಉದ್ದದ ಬರಹ. ಕಾಫಿ ಇಟ್ಟುಕೊಂಡು ಕೂತರೆ ಒಳ್ಳೆಯದು :)

ಒಲೆ ಹೋಯ್ತು, ಪಂಕ್ತಿ ಬಂತು

ಈಸ್ಟ್ ಇಂಡಿಯಾ ಕಂಪನಿ ಕಾಲದ ಜೈಲು ನಾವು ಅಂದುಕೊಳ್ಳುವ ಹಾಗಿರಲಿಲ್ಲ. 1830ರ ದಶಕದವರೆಗೂ ಬಂಗಾಳ ಪ್ರಾಂತ್ಯದ ಜೈಲುಗಳಲ್ಲಿ ಕೈದಿಗೆ ದಿನಕ್ಕಿಷ್ಟು ಅಂತ ಪುಡಿಗಾಸು ಕೊಡುತ್ತಿದ್ದರು. ಅದರಲ್ಲಿ ಆತ ಬಜಾರಿನ ಸಾಮಾನು ತರಿಸಿಕೊಂಡು, ಜೈಲಿನ ಅಂಗಳದಲ್ಲೇ ತನ್ನದೊಂದು ಒಲೆ ಹೂಡಿ, ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತಿದ್ದ. ಹಗಲೆಲ್ಲ ಕಾಲಿಗೆ ಬೇಡಿ ಹಾಕಿಸಿಕೊಂಡು ರಸ್ತೆ ಕೆಲಸ. ಆಗ ಹಾಕಿದ ಎಷ್ಟೋ ರಸ್ತೆಗಳ ಕಲ್ಲು ಮಣ್ಣು ಹೊತ್ತವರು ಈ ಕೈದಿಗಳು. ಬಿಸಿಲು, ಮಳೆ, ಜ್ವರ, ಸಾವು ಎಲ್ಲ ಇತ್ತು. ಆದರೆ ರಸ್ತೆಯಲ್ಲಿ ಹೋಗಿಬರುವವರ ಮುಖ ಕಾಣುತ್ತಿತ್ತು, ಸಂಜೆ ತನ್ನ ಒಲೆಯ ಮುಂದೆ ಕೂರುವುದಿತ್ತು.

1835ರ ಡಿಸೆಂಬರಿನಲ್ಲಿ ಮೆಕಾಲೆ (ಹೌದು, ನಮ್ಮ ಶಿಕ್ಷಣ ಪದ್ಧತಿಗಾಗಿ ಇವತ್ತಿಗೂ ಬೈಸಿಕೊಳ್ಳುವ ಅದೇ ಮೆಕಾಲೆ) ಈ ಜೈಲುಗಳನ್ನು ಸರಿಪಡಿಸಬೇಕು ಅಂತ ಸರ್ಕಾರಕ್ಕೆ ಬರೆದ. ಮಾರನೆಯ ವರ್ಷ ಒಂದು ಸಮಿತಿಯಾಯಿತು, 1838ರಲ್ಲಿ ಅದರ ವರದಿ ಬಂತು. ವರದಿಯ ಸಾರಾಂಶ ಇಷ್ಟು: ಹೊರಗಿನ ಕೆಲಸ ನಿಲ್ಲಿಸಿ, ಕೈದಿಯನ್ನು ಗೋಡೆಯೊಳಗೆ ಇಡಿ, ಬೇಸರ ಹುಟ್ಟಿಸುವಂಥ ಒಂದೇ ತರಹದ ಕೆಲಸ ಕೊಡಿ, ಕೈಗೆ ಕಾಸು ಕೊಡಬೇಡಿ, ನಾಲಿಗೆಗೆ ರುಚಿಯಾದದ್ದು ಏನೂ ಸಿಗದಂತೆ ನೋಡಿಕೊಳ್ಳಿ. ಶಿಕ್ಷೆ ಅಂದರೆ ಚಾವಟಿ ಏಟು, ಬೇಡಿ ಅಂತ ಇದ್ದದ್ದು ಆಮೇಲೆ "ದಿನಚರಿಯೇ ಶಿಕ್ಷೆ" ಅಂತ ಆಗತೊಡಗಿದ್ದು ಇಲ್ಲಿಂದ.

ಮೊದಲು ಕಾಸಿನ ಬದಲು ಪಡಿ ಬಂತು. ಆಮೇಲೆ 1840ರ ದಶಕದಲ್ಲಿ ಸಾಮೂಹಿಕ ಅಡುಗೆ ಬಂತು. ಒಬ್ಬೊಬ್ಬರೂ ಒಲೆ ಹೂಡಿದರೆ ಕೆಲಸದ ಹೊತ್ತು ಹಾಳು, ಸೌದೆ ಹಾಳು. ಎಲ್ಲರಿಗೂ ಒಟ್ಟಿಗೆ ಬೇಯಿಸಿ ಬಡಿಸಿದರೆ ಎಷ್ಟು ಸಲೀಸು! ಕಾಗದದ ಮೇಲೆ ಲೆಕ್ಕ ಸರಿಯಾಗೇ ಇತ್ತು. ನಮ್ಮ ಆಫೀಸುಗಳಲ್ಲಿ ಪವರ್‌ಪಾಯಿಂಟ್ ಹಾಕಿ ತೋರಿಸುತ್ತಾರಲ್ಲ, ಥೇಟ್ ಹಾಗೆ.

ಆದರೆ ಯಾರು ಬೇಯಿಸಿದ್ದನ್ನು ಯಾರು ತಿನ್ನಬಹುದು ಅನ್ನೋದೇ ಜೀವನದ ದೊಡ್ಡ ಕಟ್ಟಳೆಯಾಗಿದ್ದ ಸಮಾಜ ಅದು. ಜೈಲಿನಲ್ಲಿ ಕಂಡವರ ಕೈಯ ಅನ್ನ ಉಂಡುಬಂದವನನ್ನು ಊರಿನಲ್ಲಿ ಜಾತಿಯವರು ಪಂಕ್ತಿಗೆ ಸೇರಿಸಿಕೊಳ್ಳುತ್ತಾರೆಯೇ? ಮೂರು ವರ್ಷದ ಸಜಾ ಮುಗಿದರೂ ಊರಿನವರ ಸಜಾ ಸಾಯುವ ತನಕ ಮುಗಿಯದು. ಜೊತೆಗೆ "ನಮ್ಮ ಜಾತಿ ಕೆಡಿಸಿ ಕ್ರಿಶ್ಚಿಯನ್ನರನ್ನಾಗಿ ಮಾಡೋಕೆ ಇದು ಸರ್ಕಾರದ ಉಪಾಯ" ಅನ್ನುವ ಗುಮಾನಿ ಬೇರೆ. ಬಿಹಾರದ ಹಲವು ಜೈಲುಗಳಲ್ಲಿ ಕೈದಿಗಳು ತಿರುಗಿಬಿದ್ದರು.

ಸರ್ಕಾರ ಏನು ಮಾಡಿತು? ಸಾಮೂಹಿಕ ಅಡುಗೆಯನ್ನು ಕೈಬಿಡಲಿಲ್ಲ. ಕೈದಿಗಳನ್ನು ಜಾತಿವಾರು ಗುಂಪು ಮಾಡಿ, ಅಡುಗೆಗೆ ಬ್ರಾಹ್ಮಣರನ್ನೋ ಅಥವಾ ಆ ಗುಂಪು ಒಪ್ಪುವ ಜಾತಿಯವರನ್ನೋ ಹಾಕಿತು. ಗಲಾಟೆ ತಣ್ಣಗಾಗಲಿ ಅಂತ ಹಾಕಿದ ಒಂದು ತೇಪೆ ಇದು. ಸಾಫ್ಟ್‌ವೇರ್‌ನವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ರಾತ್ರೋರಾತ್ರಿ ಹಾಕಿದ ಪ್ಯಾಚ್. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಚೊಂಬಿನ ಗಲಾಟೆ

ಅಡುಗೆಯ ಗದ್ದಲ ಆರುವ ಮೊದಲೇ ಚೊಂಬಿನ ಸರದಿ ಬಂತು. ಕೈದಿಗಳ ಹತ್ತಿರ ಹಿತ್ತಾಳೆಯ ಚೊಂಬು ಇರುತ್ತಿತ್ತು. ಕುಡಿಯೋಕೆ, ತೊಳೆಯೋಕೆ, ಸ್ನಾನಕ್ಕೆ ಎಲ್ಲಕ್ಕೂ ಅದೇ. ಒಳಗೆ ಬಂದವನಿಗೆ "ನನ್ನದು" ಅನ್ನೋಕೆ ಉಳಿದದ್ದೇ ಅದೊಂದು. ಜೈಲಿನವರ ಕಣ್ಣಿಗೆ ಮಾತ್ರ ಅದು ಆಯುಧ. ಬೀಸಿ ಹೊಡೆದರೆ ತಲೆ ಒಡೆಯುವಷ್ಟು ಭಾರ. ಹಾಗಾಗಿ ಹಿತ್ತಾಳೆಯದನ್ನು ಕಿತ್ತುಕೊಂಡು ಮಣ್ಣಿನ ಪಾತ್ರೆ ಕೊಡಿ ಅಂತ ಹುಕುಂ ಆಯಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಲೋಹದ ಪಾತ್ರೆಗೆ ಮೈಲಿಗೆಯಾದರೆ ಬೂದಿ ಹಾಕಿ ಬೆಳಗಿ ಶುದ್ಧ ಮಾಡಬಹುದು. ಮಣ್ಣಿನದು ಒಮ್ಮೆ ಮೈಲಿಗೆಯಾದರೆ ಆಯಿತು, ಒಡೆದು ಬಿಸಾಡಬೇಕು. ನಮ್ಮ ಅಜ್ಜಿಯಂದಿರಿಗೆ ಬಾಯಿಪಾಠವಾಗಿದ್ದ ಈ ನಿಯಮ ಕಲ್ಕತ್ತದ ಅಧಿಕಾರಿಗಳಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಲೆಕ್ಕಕ್ಕಿಡಲಿಲ್ಲವೋ! 1855ರಲ್ಲಿ ಬಿಹಾರದ ಆರಾ ಮತ್ತು ಮುಜಫ್ಫರ್‌ಪುರ ಜೈಲುಗಳಲ್ಲಿ ಕೈದಿಗಳು ಸಿಡಿದೆದ್ದರು. ಮುಜಫ್ಫರ್‌ಪುರದಲ್ಲಂತೂ ಪೇಟೆಯ ಜನ, ಸುತ್ತಲಿನ ರೈತರು ಕೈದಿಗಳ ಪರವಾಗಿ ಗುಂಪುಗೂಡಿ ಬಂದರು. ಕೊನೆಗೆ ಅಲ್ಲಿನ ಮ್ಯಾಜಿಸ್ಟ್ರೇಟ್ ಹಿತ್ತಾಳೆ ಚೊಂಬುಗಳನ್ನು ವಾಪಸ್ ಕೊಡಿಸಬೇಕಾಯಿತು.

ಯೋಚನೆ ಮಾಡಿ, ಕಳ್ಳರು ದರೋಡೆಕೋರರು ಅಂತ ಒಳಗೆ ಹಾಕಿದವರ ಪರವಾಗಿ ಊರಿನ ಸಾಮಾನ್ಯ ಜನ ಬೀದಿಗೆ ಬಂದದ್ದು ಒಂದು ಚೊಂಬಿಗಾಗಿ! ಇದಾದ ಎರಡೇ ವರ್ಷಕ್ಕೆ, 1857ರ ಮೇ 10ರಂದು, ಮೀರತ್ತಿನಲ್ಲಿ ಸಿಪಾಯಿಗಳು ದಂಗೆಯೆದ್ದಾಗ ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಜೈಲು ಒಡೆದು, ಕಾಡತೂಸು ಮುಟ್ಟಲ್ಲ ಅಂದದ್ದಕ್ಕೆ ಸೆರೆಯಾಗಿದ್ದ 85 ಜೊತೆಗಾರರನ್ನು ಬಿಡಿಸಿದ್ದು. ಆ ವರ್ಷ ಉತ್ತರದಲ್ಲಿ ಒಂದಾದ ಮೇಲೊಂದು ಜೈಲಿನ ಬಾಗಿಲು ಮುರಿದವು. ಕಾಡತೂಸಿನ ಕೊಬ್ಬಿನ ಕತೆ ನಮಗೆಲ್ಲ ಶಾಲೆಯಲ್ಲಿ ಹೇಳಿದ್ದಾರೆ. ಅದರ ಹಿಂದೆ ಇದ್ದ ಚೊಂಬಿನ ಕತೆ ಯಾರೂ ಹೇಳಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಈ ಕೈದಿಗಳು ಹೋರಾಡಿದ್ದು ತಮ್ಮ ಮಾನಕ್ಕಾಗಿ, ನಿಜ. ಆದರೆ ಆ ಮಾನ ಅನ್ನೋದು ಜಾತಿಯ ಮೆಟ್ಟಿಲಿನ ಮೇಲೆ ನಿಂತಿತ್ತು. ಚೊಂಬು ವಾಪಸ್ ಬಂದಾಗ ಆ ಮೆಟ್ಟಿಲೂ ಗಟ್ಟಿಯಾಯಿತು. ಎರಡೂ ನಿಜ.

ಕಾಯ್ದೆಯೇ ಬರೆದ ದಿನಚರಿ

ದಂಗೆ ಮುಗಿದ ಮೇಲೆ ಸರ್ಕಾರ ಜೈಲಿನ ದಿನವನ್ನು ಇಂಚಿಂಚಾಗಿ ಬರೆದಿಟ್ಟಿತು. ಇದರ ಬುನಾದಿ 1894ರ ಬಂದೀಖಾನೆ ಕಾಯ್ದೆ. ಅದರ ಕೆಳಗೆ ಒಂದೊಂದು ಪ್ರಾಂತ್ಯಕ್ಕೂ ಒಂದೊಂದು ಜೈಲು ಕೈಪಿಡಿ, ಅಂದರೆ ಮ್ಯಾನ್ಯುಯಲ್. ಬೆಳಿಗ್ಗೆ ಬೀಗ ತೆಗೆಯೋದು, ತಲೆ ಎಣಿಸೋದು, ಸಾಲಾಗಿ ಕಕ್ಕಸಿಗೆ ಕಳಿಸೋದು, ಗಂಜಿ, ಕೆಲಸ, ಊಟ, ಮತ್ತೆ ಕೆಲಸ, ಹೊತ್ತು ಮುಳುಗುವ ಮೊದಲೇ ಊಟ, ತಲೆ ಎಣಿಕೆ, ಬೀಗ. ನಾಳೆಯೂ ಅದೇ. ಹತ್ತು ವರ್ಷ ಬಿಟ್ಟು ನೋಡಿದರೂ ಅದೇ.

ಕಾಯ್ದೆಯಲ್ಲಿ ಕೆಲವು ಅಂಕಿಗಳಿವೆ. ಕಠಿಣ ಸಜೆಯ ಕೈದಿಯಿಂದ ದಿನಕ್ಕೆ 9 ಗಂಟೆಗಿಂತ ಹೆಚ್ಚು ಕೆಲಸ ತೆಗೆಯುವಂತಿಲ್ಲ, ತುರ್ತಿನ ಹೊತ್ತು ಬಿಟ್ಟು. (ನಮ್ಮ ಕೆಲವು ಪ್ರಾಜೆಕ್ಟುಗಳಿಗೆ ಈ ಕಾಯ್ದೆ ಅನ್ವಯಿಸಿದ್ದರೆ ಚೆನ್ನಾಗಿರುತ್ತಿತ್ತು!) ಜೈಲಿನೊಳಗೆ ತಪ್ಪು ಮಾಡಿದರೆ ಕೊಡಬಹುದಾದ ಶಿಕ್ಷೆಗಳ ಪಟ್ಟಿಯೂ ಇದೆ: ಕೋಳ, ಒಂಟಿ ಕೋಣೆ, ಮಾಮೂಲಿ ಬಟ್ಟೆಯ ಬದಲು ಗೋಣಿಬಟ್ಟೆ, ಮೂವತ್ತರವರೆಗೆ ಬೆತ್ತದೇಟು, ಮತ್ತು ದಂಡನೆಯ ಊಟ. ಈ ದಂಡನೆಯ ಊಟವನ್ನು ಒಂದೇ ಸಮನೆ 96 ಗಂಟೆಗಿಂತ ಹೆಚ್ಚು ಕೊಡುವಂತಿಲ್ಲ. ಊಟವನ್ನೂ ಶಿಕ್ಷೆಯ ಪಟ್ಟಿಗೆ ಸೇರಿಸಿ, ಅದಕ್ಕೆ ಗಂಟೆಯ ಲೆಕ್ಕ ಬರೆದಿಟ್ಟ ಮನಸ್ಸು ಎಂಥದ್ದಿರಬೇಕು!

ಮತ್ತೊಂದು ಜಾಣತನವೂ ಇತ್ತು. ಕಾವಲಿಗೆ ಸಂಬಳ ಕೊಟ್ಟು ಇಟ್ಟುಕೊಳ್ಳುವ ಬದಲು ಒಳ್ಳೆಯ ನಡತೆಯ ಕೈದಿಗಳನ್ನೇ ಕಾವಲಿಗೆ ಹಾಕುವುದು. ಮೊದಲು ರಾತ್ರಿ ಪಹರೆ, ಆಮೇಲೆ ಮೇಸ್ತ್ರಿ, ಆಮೇಲೆ ವಾರ್ಡರ್. ಅಂದರೆ ಕೈದಿಗೂ ಬಡ್ತಿ! ತನ್ನ ಜೊತೆಯವನ ಮೇಲೆ ಕಣ್ಣಿಟ್ಟವನಿಗೆ ಶಿಕ್ಷೆಯಲ್ಲಿ ಮಾಫಿ. ಸ್ವಾತಂತ್ರ್ಯ ಹೋರಾಟಗಾರರ ಜೈಲಿನ ನೆನಪುಗಳಲ್ಲಿ ಬಿಳಿಯ ಸಾಹೇಬನಿಗಿಂತ ಹೆಚ್ಚು ಬೈಗುಳ ಸಿಕ್ಕಿರೋದು ಈ ಕೈದಿ-ವಾರ್ಡರುಗಳಿಗೇ.

ಗಾಣ ಮತ್ತು ಗಂಜಿ

ದಂಗೆಯ ಮರುವರ್ಷವೇ, 1858ರ ಮಾರ್ಚ್‌ನಲ್ಲಿ, ಆಗ್ರಾ ಜೈಲಿನ ಮುಖ್ಯಸ್ಥನಾಗಿದ್ದ ಡಾ. ವಾಕರ್ 200 ಕೈದಿಗಳನ್ನು ಕರೆದುಕೊಂಡು ಅಂಡಮಾನಿಗೆ ಹೋದ. ಅಲ್ಲಿ ಶುರುವಾದ ಕೈದಿಗಳ ವಸಾಹತಿನ ಕೊನೆಯ ರೂಪ ನಮಗೆಲ್ಲ ಗೊತ್ತಿರುವ ಸೆಲ್ಯುಲಾರ್ ಜೈಲು. ಕಟ್ಟಲು ಶುರು ಮಾಡಿದ್ದು 1896ರಲ್ಲಿ, ಮುಗಿದದ್ದು 1906ರಲ್ಲಿ. ನಡುವೆ ಕಾವಲು ಗೋಪುರ, ಅದರಿಂದ ಚಕ್ರದ ಅರೆಗಳ ಹಾಗೆ ಹೊರಟ ಏಳು ಸಾಲು, ಒಂದೊಂದೂ ಮೂರು ಅಂತಸ್ತು, ಒಟ್ಟು ಏಳುನೂರಕ್ಕೆ ಸಮೀಪ ಒಂಟಿ ಕೋಣೆಗಳು. ಒಂದು ಸಾಲಿನ ಕೋಣೆಗಳ ಮುಂಭಾಗಕ್ಕೆ ಕಾಣುವುದು ಮುಂದಿನ ಸಾಲಿನ ಬೆನ್ನು. ಹಾಗಾಗಿ ಯಾರೂ ಯಾರ ಮುಖವನ್ನೂ ನೋಡುವಂತಿಲ್ಲ. ಎಂಜಿನಿಯರಿಂಗ್ ದೃಷ್ಟಿಯಿಂದ ಅಚ್ಚುಕಟ್ಟಾದ ವಿನ್ಯಾಸ. ಅಚ್ಚುಕಟ್ಟಾಗಿರೋದಕ್ಕೇ ನೋಡಿದರೆ ಭಯವಾಗುತ್ತದೆ.

ಅಲಿಪುರ ಬಾಂಬ್ ಮೊಕದ್ದಮೆಯಲ್ಲಿ ಶಿಕ್ಷೆಯಾದ ಬಾರೀಂದ್ರ ಕುಮಾರ್ ಘೋಷ್ (ಅರವಿಂದರ ತಮ್ಮ), ಉಪೇಂದ್ರನಾಥ ಬ್ಯಾನರ್ಜಿ, ಉಲ್ಲಾಸಕರ ದತ್ತ ಇವರೆಲ್ಲ ಹೊರಬಂದ ಮೇಲೆ ತಮ್ಮ ನೆನಪುಗಳನ್ನು ಬರೆದರು. ಸಾವರ್ಕರ್ ಬರೆದದ್ದು ಹೆಚ್ಚು ಜನರಿಗೆ ಗೊತ್ತು. ಇವರ ರಾಜಕೀಯ ಏನೇ ಇರಲಿ, ಎಲ್ಲರ ಬರಹಗಳಲ್ಲೂ ಪದೇ ಪದೇ ಬರುವ ವಸ್ತುಗಳು ಮಾತ್ರ ಒಂದೇ: ಗಾಣ, ತೆಂಗಿನ ನಾರು, ಗಂಜಿ, ಮಣ್ಣಿನ ಮಡಕೆ.

ಎಣ್ಣೆ ಗಾಣಕ್ಕೆ ಎತ್ತಿನ ಬದಲು ಮನುಷ್ಯನನ್ನು ಹೂಡುತ್ತಿದ್ದರು. ದಿನಕ್ಕೆ 30 ಪೌಂಡ್, ಅಂದರೆ ಹದಿಮೂರೂವರೆ ಕಿಲೋಗೂ ಮೇಲೆ, ಕೊಬ್ಬರಿ ಎಣ್ಣೆ ತೆಗೆಯಬೇಕು. ಸಾಸಿವೆಯಾದರೆ 10 ಪೌಂಡ್. ಅಷ್ಟಾಗದಿದ್ದರೆ ಬೈಗುಳ, ಏಟು, ನಿಲ್ಲಿಸಿ ಹಾಕುವ ಕೈಕೋಳ. ಗಾಣದ ಸರದಿ ಇಲ್ಲದವರು ತೆಂಗಿನ ಸಿಪ್ಪೆ ಬಡಿದು ನಾರು ತೆಗೆಯಬೇಕು. ಪೆನ್ನು ಹಿಡಿದು ಅಭ್ಯಾಸವಿದ್ದ ಹುಡುಗರ ಅಂಗೈ ಮೊದಲ ದಿನವೇ ಬೊಬ್ಬೆಯೆದ್ದು ಒಡೆಯುತ್ತಿತ್ತು.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಮಡಕೆ. ಕಕ್ಕಸಿಗೆ ಹೋಗಲು ಗೊತ್ತಾದ ಹೊತ್ತು ಬಿಟ್ಟರೆ ಬಾಗಿಲು ತೆಗೆಯುವುದಿಲ್ಲ. ಸಂಜೆ ಬೀಗ ಬಿದ್ದರೆ ಬೆಳಗಿನವರೆಗೆ ಕೋಣೆಯಲ್ಲಿ ಒಂದು ಸಣ್ಣ ಮಣ್ಣಿನ ಮಡಕೆ ಅಷ್ಟೆ. ಹೊಟ್ಟೆ ಕೆಟ್ಟವನ ಗತಿ? ಬಾಂಬು ಮಾಡಿದ, ನೇಣಿಗೂ ಹೆದರದ ಜನ ಈ ಮಡಕೆಯ ಬಗ್ಗೆ ಬರೆಯುವಾಗ ಅವರ ದನಿ ತಗ್ಗುತ್ತದೆ. ಮನುಷ್ಯನನ್ನು ಕುಗ್ಗಿಸೋಕೆ ದೊಡ್ಡ ಯಂತ್ರವೇನೂ ಬೇಡ.

1912ರಲ್ಲಿ ಇಂದುಭೂಷಣ ರಾಯ್ ತನ್ನ ಕೋಣೆಯಲ್ಲೇ ನೇಣು ಹಾಕಿಕೊಂಡ. ಅದೇ ವರ್ಷ ಉಲ್ಲಾಸಕರ ದತ್ತನಿಗೆ ಬುದ್ಧಿಭ್ರಮಣೆಯಾಯಿತು. ಮುಷ್ಕರಗಳು ಶುರುವಾದವು. 1933ರಲ್ಲಿ ನಡೆದ ದೊಡ್ಡ ಉಪವಾಸ ಮುಷ್ಕರದಲ್ಲಿ ಮೂಗಿನಲ್ಲಿ ನಳಿಕೆ ತೂರಿಸಿ ಬಲವಂತವಾಗಿ ಹಾಲು ಹಾಕಲು ಹೋಗಿ ಮಹಾವೀರ ಸಿಂಗ್, ಮೋಹನ್ ಕಿಶೋರ್ ನಾಮದಾಸ್, ಮೋಹಿತ್ ಮೊಯಿತ್ರಾ ಸತ್ತರು. ಅವರು ಕೇಳಿದ್ದು ಏನು? ಸ್ವರಾಜ್ಯವಲ್ಲ. ತಿನ್ನುವಂಥ ಊಟ, ಸೋಪು, ರಾತ್ರಿ ಕೋಣೆಯಲ್ಲಿ ದೀಪ, ಓದೋಕೆ ಪುಸ್ತಕ ಪೇಪರು. ಮೂರು ಜೀವ ಹೋದ ಮೇಲೆ ಇವುಗಳಲ್ಲಿ ಹೆಚ್ಚಿನವು ಸಿಕ್ಕವು. 1938ರ ಆರಂಭದ ಹೊತ್ತಿಗೆ ರಾಜಕೀಯ ಕೈದಿಗಳನ್ನೆಲ್ಲ ಮುಖ್ಯಭೂಮಿಗೆ ವಾಪಸ್ ಕಳಿಸಲಾಯಿತು.

ಎ, ಬಿ, ಸಿ

ಅಂಡಮಾನಿನ ಆ ಉಪವಾಸಕ್ಕೆ ದಾರಿ ತೋರಿಸಿದ್ದು ಲಾಹೋರ್. 1929ರ ಜೂನ್‌ನಲ್ಲಿ ಭಗತ್ ಸಿಂಗ್, ಬಟುಕೇಶ್ವರ ದತ್ತ ಜೈಲಿನಲ್ಲಿ ಉಪವಾಸ ಶುರು ಮಾಡಿದರು. ಯುರೋಪಿಯನ್ ಕೈದಿಗೆ ಒಂದು ಊಟ, ಒಂದು ಹಾಸಿಗೆ. ನಮಗೆ ಮತ್ತೊಂದು ಯಾಕೆ ಅನ್ನೋದು ಅವರ ಪ್ರಶ್ನೆ. ಆಮೇಲೆ ಜೊತೆಗಾರರೂ ಸೇರಿಕೊಂಡರು. ಜತೀಂದ್ರನಾಥ ದಾಸ್ 63 ದಿನ ಉಪವಾಸವಿದ್ದು ಸೆಪ್ಟೆಂಬರ್ 13ರಂದು ತೀರಿಕೊಂಡರು. ಆಗ ಅವರಿಗೆ 24 ವರ್ಷ. ನನಗಿಂತ ಚಿಕ್ಕ ಹುಡುಗ.

ದೇಶವೆಲ್ಲ ಕುದಿಯಿತು. ಸರ್ಕಾರ ಬಗ್ಗಿತು. ಆದರೆ ಬಗ್ಗಿದ ರೀತಿ ನೋಡಿ. 1930ರಲ್ಲಿ ಕೈದಿಗಳನ್ನು ಎ, ಬಿ, ಸಿ ಅಂತ ಮೂರು ದರ್ಜೆ ಮಾಡಿತು. ದರ್ಜೆ ತೀರ್ಮಾನವಾಗುವಾಗ ಅಪರಾಧದ ಜೊತೆಗೆ ಕೈದಿಯ ಅಂತಸ್ತು, ಓದು, ಮನೆಯಲ್ಲಿ ರೂಢಿಯಿದ್ದ ಜೀವನ ಇವನ್ನೂ ನೋಡುತ್ತಿದ್ದರು. ವಕೀಲನಿಗೆ, ಜಮೀನ್ದಾರನ ಮಗನಿಗೆ ಎ ಅಥವಾ ಬಿ. ಅದೇ ಸತ್ಯಾಗ್ರಹದಲ್ಲಿ, ಅದೇ ಬಾವುಟ ಹಿಡಿದು, ಅದೇ ಲಾಠಿ ಏಟು ತಿಂದು ಬಂದ ಕೂಲಿಯವನಿಗೆ ಸಿ. ಒಬ್ಬನಿಗೆ ಮಂಚ, ಪುಸ್ತಕ, ಮನೆಯ ಬಟ್ಟೆ. ಇನ್ನೊಬ್ಬನಿಗೆ ಕಬ್ಬಿಣದ ತಟ್ಟೆ, ಕಂಬಳಿ, ಹುಳ ಬಿದ್ದ ಬೇಳೆ. ಸಮಾನತೆ ಕೇಳಿದ ಹುಡುಗ ಸತ್ತ, ಅವನ ಸಾವಿನಿಂದ ಹುಟ್ಟಿದ್ದು ಮೂರು ಮೆಟ್ಟಿಲಿನ ಏಣಿ. ನಮ್ಮ ಜೈಲು ಸಾಹಿತ್ಯ ಓದುವಾಗ ಇದನ್ನು ಮರೆಯಬಾರದು. ಬರೆಯೋಕೆ ಕಾಗದ, ದೀಪ, ಬಿಡುವು ಸಿಕ್ಕಿದ್ದು ಹೆಚ್ಚಾಗಿ ಮೇಲಿನ ದರ್ಜೆಯವರಿಗೆ. ಸಿ ದರ್ಜೆಯವರ ದಿನ ಹೇಗಿತ್ತು ಅನ್ನೋದನ್ನು ನಾವು ಬಹುಪಾಲು ಇನ್ನೊಬ್ಬರ ಬಾಯಲ್ಲೇ ಕೇಳಬೇಕು.

ಪೊರಕೆ ಕೇಳಿದ ಬ್ರಾಹ್ಮಣ

ಈಗ ಮೂರನೆಯ ಪ್ರಶ್ನೆ. ಕಕ್ಕಸು ಯಾರು ತೊಳೀತಾರೆ?

1932. ರತ್ನಾಗಿರಿ ಜೈಲು. ಅಪ್ಪಾಸಾಹೇಬ್ ಪಟವರ್ಧನ್ ಅಂತ ಒಬ್ಬರು ಅಲ್ಲಿ ಕೈದಿ. "ಕೊಂಕಣದ ಗಾಂಧಿ" ಅಂತಲೇ ಹೆಸರಾದವರು, ಹುಟ್ಟಿನಿಂದ ಬ್ರಾಹ್ಮಣ. ನನಗೆ ಜಾಡಮಾಲಿ ಕೆಲಸ ಕೊಡಿ, ಕಕ್ಕಸು ನಾನು ತೊಳೀತೀನಿ ಅಂತ ಕೇಳಿದರು. ಜೈಲಿನವರು ಆಗಲ್ಲ ಅಂದರು. ಮೇಲ್ಜಾತಿಯವನಿಗೆ ಆ ಕೆಲಸ ಕೊಡುವಂತಿಲ್ಲ, ಅದಕ್ಕೆ ಬೇರೆ ಜನ ಇದ್ದಾರೆ! ಪಟವರ್ಧನ್ ಊಟ ಕಡಿಮೆ ಮಾಡಿದರು. ಯರವಡಾ ಜೈಲಿನಲ್ಲಿದ್ದ ಗಾಂಧೀಜಿಗೆ ಸುದ್ದಿ ಹೋಯಿತು. ಅವರು ಡಿಸೆಂಬರ್ 3ರಂದು ತಾವೂ ಉಪವಾಸ ಕೂತರು. ಪುಣೆ ಒಪ್ಪಂದದ ಉಪವಾಸ ಮುಗಿದು ಎರಡೂವರೆ ತಿಂಗಳೂ ಆಗಿರಲಿಲ್ಲ. ಪರಿಶೀಲಿಸುತ್ತೇವೆ ಅಂತ ಸರ್ಕಾರ ಮಾತು ಕೊಟ್ಟ ಮೇಲೆ ನಿಲ್ಲಿಸಿದರು.

ಈ ಚಿಕ್ಕ ಪ್ರಸಂಗ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. 1855ರಲ್ಲಿ ಕೈದಿಗಳು ಹೋರಾಡಿದ್ದು ಜಾತಿ ಉಳಿಸಿಕೊಳ್ಳೋಕೆ, ಸರ್ಕಾರ ಅದನ್ನು ಕಿತ್ತುಕೊಳ್ಳುತ್ತಿದೆ ಅನ್ನುವ ಭಯಕ್ಕೆ. 1932ರ ಹೊತ್ತಿಗೆ ಕೈದಿ ಜಾತಿ ಬಿಡ್ತೀನಿ ಅಂತಾನೆ, ಸರ್ಕಾರದ ಕೈಪಿಡಿ ಬಿಡಬೇಡ ಅನ್ನುತ್ತದೆ! ಎಂಬತ್ತಕ್ಕೂ ಹೆಚ್ಚು ವರ್ಷ ಹಿಂದೆ ಹಾಕಿದ ಪ್ಯಾಚ್ ಅಷ್ಟೊತ್ತಿಗೆ ನಿಯಮವಾಗಿ ಹೋಗಿತ್ತು.

ನಮ್ಮ ಬೆಂಗಳೂರಿನ ಜೈಲು

1947ರಲ್ಲಿ ಬಾವುಟ ಬದಲಾಯಿತು. ಜೈಲಿನ ಗಂಟೆ ಬದಲಾಗಲಿಲ್ಲ. ಇದು ಎಷ್ಟು ನಿಜ ಅನ್ನೋದನ್ನು ನೋಡೋಕೆ ನಾವು ಬೆಂಗಳೂರಿನವರು ದೂರ ಹೋಗಬೇಕಿಲ್ಲ. ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕ್‌ಗೆ ಹೋದರೆ ಸಾಕು. ಇವತ್ತು ಧರಣಿ, ಪ್ರತಿಭಟನೆ ಅಂದರೆ ಎಲ್ಲರೂ ಹೋಗುವ ಜಾಗ. ಅದು ಹಿಂದಿನ ಸೆಂಟ್ರಲ್ ಜೈಲು. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ 2008ರಲ್ಲಿ ಅದು ಉದ್ಯಾನವಾಯಿತು. ನಡುವಿನ ಕಾವಲು ಗೋಪುರ, ಕೆಲವು ಬ್ಯಾರಕ್ಕುಗಳು ಇನ್ನೂ ಇವೆ. ಆ ಗೋಪುರದ ಕೆಳಗೆ ನಿಂತು ಸುತ್ತ ತಿರುಗಿ ನೋಡಿ. ಅಂಡಮಾನಿನ ಚಕ್ರದ ಲೆಕ್ಕವೇ ಇಲ್ಲೂ ಕಾಣುತ್ತದೆ.

1975ರ ಜೂನ್ 26ರಂದು, ತುರ್ತು ಪರಿಸ್ಥಿತಿ ಬಂದ ಬೆಳಿಗ್ಗೆ, ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಬಂಧನಕ್ಕೊಳಗಾಗಿ ಈ ಜೈಲು ಸೇರಿದರು. ಆಮೇಲೆ ನಮ್ಮ ರಾಮಕೃಷ್ಣ ಹೆಗಡೆ, ದೇವೇಗೌಡ, ಜೆ.ಎಚ್. ಪಟೇಲರೂ ಇಲ್ಲಿದ್ದರು. ಲೆಕ್ಕ ಹಾಕಿ: ಇಬ್ಬರು ಮುಂದಿನ ಪ್ರಧಾನಿಗಳು, ಮೂವರು ಮುಂದಿನ ಮುಖ್ಯಮಂತ್ರಿಗಳು ಒಂದೇ ಗೋಡೆಯೊಳಗೆ. (ಗೌಡರನ್ನು ಎರಡು ಸಲ ಎಣಿಸಿದ್ದೇನೆ!) ಓದು, ಚರ್ಚೆ, ದಿನಚರಿ ಬರೆಯೋದು ಇವರಿಗೆ ಸಾಧ್ಯವಿತ್ತು. ಆಡ್ವಾಣಿಯವರ ಜೈಲಿನ ಟಿಪ್ಪಣಿಗಳು 1978ರಲ್ಲಿ ಪುಸ್ತಕವಾಗಿ ಬಂದವು.

ಅದೇ ಜೈಲಿನಲ್ಲಿ ಇನ್ನೊಬ್ಬರಿದ್ದರು. "ಸಂಸ್ಕಾರ" ಚಿತ್ರದ ಚಂದ್ರಿ ನೆನಪಿದ್ದಾಳೆಯೇ? ಆ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ. ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ 1976ರ ಮೇ 2ರಂದು ಅವರನ್ನು ಹಿಡಿದರು. ಪ್ರಕರಣದ ಕೊನೆಯ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ, ಆದರೂ ಬಿಡಲಿಲ್ಲ. ಒಬ್ಬರೇ ಇರಬೇಕಾದ ಇಕ್ಕಟ್ಟಿನ ಕೋಣೆ, ಅದರ ಒಂದು ತುದಿಯಲ್ಲಿ ಶೌಚಕ್ಕೊಂದು ಗುಂಡಿ. ಮೈಯಲ್ಲಿ ಕಡು ಅಸ್ತಮಾ. ರಾತ್ರಿಯ ನಿಶ್ಶಬ್ದದಲ್ಲಿ ಅವರ ಕೂಗು ತಮಗೆ ಕೇಳಿಸುತ್ತಿತ್ತು ಅಂತ ದಂಡವತೆ ಆಮೇಲೆ ನೆನಪಿಸಿಕೊಂಡರು.

ಆ ಸ್ಥಿತಿಯಲ್ಲೂ ಆಕೆ ಬರೆದಿಟ್ಟ ದಿನಚರಿ ಮುಂದೆ ಪ್ರಕಟವಾಯಿತು. ಒಳಗೆ ತಾನು ಸಾಧಿಸಿದ್ದು ಅಂತ ಆಕೆ ಅಂದುಕೊಂಡದ್ದು ಏನು ಗೊತ್ತೇ? ಹೆಂಗಸರ ವಿಭಾಗದಲ್ಲಿ ಮಾಮೂಲಿ ಕೈದಿಗಳಿಗೆ ಬೀಳುತ್ತಿದ್ದ ಹೊಡೆತ ನಿಲ್ಲಿಸಿದ್ದು, ಮತ್ತು ಅವರ ಊಟ ಒಂದಿಷ್ಟು ಸುಧಾರಿಸಿದ್ದು. ಮತ್ತೆ ಅದೇ, ಊಟ! 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಜನವರಿ 20ರಂದು ಆಕೆ ತೀರಿಕೊಂಡರು. ಬರೀ ಐದು ದಿನ.

ಈ ಜೈಲಿನ ಕತೆ ಹೇಳುವಾಗ ನಾವು ಪ್ರಧಾನಿಗಳ ಹೆಸರು ಎಣಿಸುತ್ತೇವೆ (ನಾನೂ ಈಗಷ್ಟೇ ಎಣಿಸಿದೆ). ಸ್ನೇಹಲತಾ ಯಾರ ಊಟಕ್ಕಾಗಿ ಜಗಳ ಮಾಡಿದರೋ, ಆ ಹೆಂಗಸರಲ್ಲಿ ಒಬ್ಬರ ಹೆಸರೂ ನಮಗೆ ಬಾಯಿಗೆ ಬರುವುದಿಲ್ಲ.

180 ವರ್ಷದ ಪ್ಯಾಚ್

ತುರ್ತು ಪರಿಸ್ಥಿತಿಯಲ್ಲಿ ದೊಡ್ಡವರು ಒಳಗೆ ಹೋಗಿ ಬಂದದ್ದರಿಂದ ಒಂದು ಉಪಕಾರವಾಯಿತು. ಜೈಲಿನ ಬಗ್ಗೆ ಹೊರಗೆ ಮಾತು ಶುರುವಾಯಿತು. 1978ರ ಸುನಿಲ್ ಬಾತ್ರಾ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಮತ್ತಿತರರ ಪೀಠ, ಜೈಲಿನ ಬಾಗಿಲು ದಾಟಿದ ಮಾತ್ರಕ್ಕೆ ಮನುಷ್ಯನ ಮೂಲಭೂತ ಹಕ್ಕು ಕಳಚಿಬೀಳುವುದಿಲ್ಲ ಎಂಬ ನಿಲುವು ತಳೆಯಿತು. ಮುಲ್ಲಾ ಸಮಿತಿ ಬಂತು, 2003 ಮತ್ತು 2016ರಲ್ಲಿ ಮಾದರಿ ಕೈಪಿಡಿಗಳು ಬಂದವು. ಆದರೆ ಬಂದೀಖಾನೆ ರಾಜ್ಯಗಳ ವಿಷಯ. ಹಳೆಯ ಕೈಪಿಡಿಗಳು ಕಪಾಟಿನಲ್ಲಿ ಹಾಗೇ ಇದ್ದವು, ಜಾರಿಯಲ್ಲೂ ಇದ್ದವು.

2020ರಲ್ಲಿ ಸುಕನ್ಯಾ ಶಾಂತಾ ಎಂಬ ಪತ್ರಕರ್ತೆ ಆ ಕೈಪಿಡಿಗಳನ್ನು ತೆರೆದು ಓದಿದರು, ಜೈಲಿನಿಂದ ಹೊರಬಂದವರನ್ನು ಮಾತಾಡಿಸಿದರು, ವರದಿ ಬರೆದರು. ಆಮೇಲೆ ಸುಪ್ರೀಂ ಕೋರ್ಟಿಗೆ ಹೋದರು. ಕೈಪಿಡಿಗಳಲ್ಲಿ ಇದ್ದದ್ದೇನು? ಒಂದು ರಾಜ್ಯದಲ್ಲಿ ಅಡುಗೆಯನ್ನು "ತಕ್ಕ ಜಾತಿ"ಯ ಕೈದಿಗಳೇ ಮಾಡಬೇಕು, ಕಸಗುಡಿಸುವವರನ್ನು ಇಂತಿಂಥ ಜಾತಿಯಿಂದಲೇ ಆರಿಸಬೇಕು. ಇನ್ನೊಂದು ರಾಜ್ಯದಲ್ಲಿ ಸಾದಾ ಸಜೆಯ ಕೈದಿಗೆ ಕೀಳು ಕೆಲಸ ಕೊಡಬಾರದು, ಆದರೆ ಆತ ಅಂಥ ಕೆಲಸ ರೂಢಿಯಿರುವ ಸಮುದಾಯದವನಾದರೆ ಕೊಡಬಹುದು! 1840ರ ದಶಕದ ಬಿಹಾರದಲ್ಲಿ ಗಲಾಟೆ ತಣ್ಣಗಾಗಲಿ ಅಂತ ಹಾಕಿದ ತೇಪೆ, ಇಪ್ಪತ್ತೊಂದನೆಯ ಶತಮಾನದ ಗಣರಾಜ್ಯದಲ್ಲಿ ಓಡುತ್ತಲೇ ಇತ್ತು. ನಮ್ಮ ಕೆಲಸದಲ್ಲೂ ಹೀಗೆ ಆಗುತ್ತದೆ. ಯಾರೋ ಯಾವತ್ತೋ ಬರೆದ ಕೋಡು, ಬರೆದವರು ಕೆಲಸ ಬಿಟ್ಟು ಹೋಗಿರುತ್ತಾರೆ, ಯಾಕಿದೆ ಅಂತ ಯಾರಿಗೂ ಗೊತ್ತಿರಲ್ಲ, ಮುಟ್ಟೋಕೆ ಎಲ್ಲರಿಗೂ ಭಯ. ನಮ್ಮಲ್ಲಿ ಅದರಿಂದ ಹೆಚ್ಚೆಂದರೆ ಒಂದು ಸರ್ವರ್ ಬೀಳುತ್ತದೆ. ಇಲ್ಲಿ ಅದು ಒಬ್ಬ ಮನುಷ್ಯನನ್ನು ಹಿಡಿದು ಗುಂಡಿಗೆ ಇಳಿಸುತ್ತಿತ್ತು.

2024ರ ಅಕ್ಟೋಬರ್ 3ರಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ನೇತೃತ್ವದ ಪೀಠ ಈ ನಿಯಮಗಳನ್ನೆಲ್ಲ ಅಸಾಂವಿಧಾನಿಕ ಅಂತ ರದ್ದು ಮಾಡಿತು. ಜೈಲಿನ ದಾಖಲೆ ಪುಸ್ತಕದ ಜಾತಿಯ ಕಾಲಂ ತೆಗೆಯಿರಿ ಅಂದಿತು. ಮೂರು ತಿಂಗಳೊಳಗೆ ಕೈಪಿಡಿ ತಿದ್ದಿ ಅಂತ ರಾಜ್ಯಗಳಿಗೆ ಗಡುವು ಕೊಟ್ಟಿತು. ಪಟವರ್ಧನ್ ಪೊರಕೆ ಕೇಳಿ 92 ವರ್ಷವಾಗಿತ್ತು.

ತೀರ್ಪು ಬಂದ ಮಾತ್ರಕ್ಕೆ ಪೊರಕೆ ಕೈ ಬದಲಾಯಿಸುತ್ತದೆ ಅಂತ ನಂಬುವಷ್ಟು ಮುಗ್ಧರು ನಾವ್ಯಾರೂ ಅಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಐದು ಲಕ್ಷ ಎಪ್ಪತ್ತಮೂರು ಸಾವಿರಕ್ಕೂ ಹೆಚ್ಚು ಜನ ಇದ್ದರು. ನೂರು ಜನರ ಜಾಗದಲ್ಲಿ 131 ಜನ. ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು, ಅಂದರೆ ಅಪರಾಧ ಇನ್ನೂ ಸಾಬೀತಾಗಿಲ್ಲದವರು. ಇವರೆಲ್ಲರ ಬೆಳಗು ಕೂಡ ಬೀಗದ ಸದ್ದಿನಿಂದ, ತಲೆ ಎಣಿಕೆಯಿಂದಲೇ ಶುರು.

ಉಳಿದ ನಮ್ಮೆಲ್ಲರ ದಿನವನ್ನು ಸರ್ಕಾರ ಅಲ್ಲಲ್ಲಿ ಮುಟ್ಟುತ್ತದೆ ಅಷ್ಟೆ, ಒಂದು ಸಿಗ್ನಲ್ಲು, ಒಂದು ತೆರಿಗೆ, ಒಂದು ಅರ್ಜಿ. ಇಪ್ಪತ್ತನಾಲ್ಕು ಗಂಟೆಯನ್ನೂ, ಎಷ್ಟು ಹೊತ್ತಿಗೆ ಏಳಬೇಕು, ಎಷ್ಟು ಅನ್ನ ತಿನ್ನಬೇಕು, ಯಾವಾಗ ಕಕ್ಕಸಿಗೆ ಹೋಗಬೇಕು ಅಂತ ಅದೇ ಬರೆಯುವ ಜಾಗ ಜೈಲು. ಹಾಗಾಗಿ ಮನುಷ್ಯ ಅಂದರೆ ಏನು ಅಂತ ಒಂದು ಸರ್ಕಾರ ಅಂದುಕೊಂಡಿದೆ ಅನ್ನೋದು ಅದರ ಸಂವಿಧಾನದ ಪೀಠಿಕೆಗಿಂತ ಜೈಲಿನ ತಟ್ಟೆಯಲ್ಲಿ ಚೆನ್ನಾಗಿ ಕಾಣುತ್ತದೆ ಅಂತ ನನಗನ್ನಿಸುತ್ತದೆ.

ಕೊನೆಗೆ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ, ಬಳಗದಲ್ಲಿ ತುರ್ತು ಪರಿಸ್ಥಿತಿಯಲ್ಲೋ, ಗೋಕಾಕ್ ಚಳವಳಿ, ರೈತ ಚಳವಳಿಯಲ್ಲೋ ಒಳಗೆ ಹೋಗಿ ಬಂದವರು ಇರಬಹುದು. ಜೈಲಿನಲ್ಲಿ ಕೆಲಸ ಮಾಡಿ ನಿವೃತ್ತರಾದವರೂ ಇರಬಹುದು. ಅವರನ್ನು ಭಾಷಣ, ಘೋಷಣೆಗಳ ಬಗ್ಗೆ ಕೇಳಬೇಡಿ. ಬೆಳಿಗ್ಗೆ ಏನು ಕೊಡುತ್ತಿದ್ದರು, ಯಾರು ಬಡಿಸುತ್ತಿದ್ದರು, ಕಕ್ಕಸು ಯಾರು ತೊಳೆಯುತ್ತಿದ್ದರು ಅಂತ ಕೇಳಿ. ಕೇಳಿದ್ದನ್ನು ನಿಮ್ಮ ಬ್ಲಾಗಿನಲ್ಲಿ ಬರೆಯಿರಿ, ಇಲ್ಲಿ ಕೊಂಡಿ ಹಾಕಿ. ಆ ತಲೆಮಾರು ಹೋದ ಮೇಲೆ ಇದನ್ನು ಹೇಳುವವರು ಇರುವುದಿಲ್ಲ.